ಮಕ್ಸ್ ಹಾಕಿದ ಮೇಲೂ 300 ಮಿ.ಮೀ. ದೂರದ ಗೋಡೆ 8 ಮಿ.ಮೀ. ಅಂತ ತೋರಿಸುತ್ತಿದೆ, ಮಕ್ಸ್ ಬೋರ್ಡ್ ಡುಪ್ಲಿಕೇಟಾ?

ಗೋಡೆಗಣ್ಣು:
ಗೋಡೆ ಪಕ್ಕ ಓಡುವ ರೋಬೋಗೆ ಮೂರು ವಿಎಲ್53ಎಲ್0ಎಕ್ಸ್ ಲೇಸರ್ ಸೆನ್ಸರ್, ಬೋರ್ಡ್ ಇಎಸ್‌ಪಿ32. ಮೂರರ ಐ2ಸಿ (ಚಿಪ್‌ಗಳು ಎರಡೇ ತಂತಿಯಲ್ಲಿ ಮಾತಾಡುವ ವಿಧಾನ) ವಿಳಾಸವೂ ಹೆಕ್ಸ್ 29 ಆದ್ದರಿಂದ, ಒಂದು ಸಲಕ್ಕೆ ಒಂದೊಂದು ಚಾನೆಲ್ ತೆರೆಯೋಕೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಟಿಸಿಎ9548ಎ ಮಕ್ಸ್ ತಂದೆ. ಎಡದ್ದು ಚಾನೆಲ್ 0, ಬಲದ್ದು ಚಾನೆಲ್ 1. ಮುಂದಿನದು ಮೊದಲೇ ಇಎಸ್‌ಪಿಯ 21, 22ನೇ ಪಿನ್‌ಗೆ ಬೆಸುಗೆಯಾಗಿತ್ತು, ಹಾಗೇ ಬಿಟ್ಟಿದ್ದೇನೆ. ಮಕ್ಸ್‌ಗೆ 5 ವೋಲ್ಟ್ ಕೊಟ್ಟಿದ್ದೇನೆ.

ಮುಂದಿನದನ್ನಷ್ಟೇ ಓದಿದರೆ 200 ಮಿ.ಮೀ. ಸರಿಯಾಗಿ ಬರುತ್ತೆ. 300 ಮಿ.ಮೀ. ಆಚೆಯ ಎಡಗೋಡೆಗೆ ಚಾನೆಲ್ 0 ತೆರೆದರೆ 8, 12, 4, ಕೆಲವು ಸಲ 0. ಒಮ್ಮೊಮ್ಮೆ ಇನಿಷಿಯಲೈಸೇ ಆಗಲ್ಲ. ಸ್ಕ್ಯಾನ್ ಮಾಡಿದರೆ ಪ್ರತಿ ಚಾನೆಲ್‌ನಲ್ಲೂ ಹೆಕ್ಸ್ 70 ಕಾಣುತ್ತೆ. ಮೋಟರ್ ಓಡಿ ಐದ್ಹತ್ತು ನಿಮಿಷಕ್ಕೆ ಎಲ್ಲಾ ನಿಲ್ಲುತ್ತೆ, ರೀಸೆಟ್ ಒತ್ತಿದರೂ ಏಳಲ್ಲ, ಬ್ಯಾಟರಿ ತೆಗೆದು ಹಾಕಬೇಕು.

ಬೆಸುಗೆಕೋಲು:
ಬೋರ್ಡ್ ಸರಿ ಇದೆ ಗುರು, ಇನ್ನೊಂದು ತರಬೇಡಿ. 70 ಅಂದರೆ ಮಕ್ಸೇ. ಅದು ಮುಖ್ಯ ಬಸ್ (ಇಎಸ್‌ಪಿಯಿಂದ ಬರೋ ತಂತಿ ಜೋಡಿ) ಮೇಲೇ ಕೂತಿರೋದರಿಂದ ಯಾವ ಚಾನೆಲ್ ತೆರೆದರೂ ಕಾಣುತ್ತೆ.

ತಪ್ಪಿರೋದು ಮುಂದಿನ ಸೆನ್ಸರ್‌ನಲ್ಲಿ. ಚಾನೆಲ್ ತೆರೆದಾಗ ಅದರ ತಂತಿ ಮುಖ್ಯ ಬಸ್‌ಗೆ ಸೇರಿಕೊಳ್ಳುತ್ತೆ ಅಷ್ಟೇ, ಮುಖ್ಯ ಬಸ್ ಮೇಲಿರೋದು ಬಾಯಿ ಮುಚ್ಚಲ್ಲ. ಆಗ 29 ಅಂತ ಕರೆದರೆ ಇಬ್ಬರೂ ಓಗೊಡ್ತಾರೆ. ಐ2ಸಿಯಲ್ಲಿ ಸೊನ್ನೆ ಎಳೆದವನದೇ ಮೇಲುಗೈ, ಹಾಗಾಗಿ ಎರಡು ಉತ್ತರಗಳ ಆ್ಯಂಡ್ (ಎರಡರಲ್ಲೂ 1 ಇದ್ದರೆ ಮಾತ್ರ 1) ನಿಮಗೆ ಸಿಗುತ್ತೆ. ಬೈನರಿಯಲ್ಲಿ 300 ಅಂದರೆ 100101100, 200 ಅಂದರೆ 011001000. ಎರಡರಲ್ಲೂ 1 ಇರೋ ಜಾಗ ಒಂದೇ, ಅದರ ಬೆಲೆ 8. ಅಳತೆ ನಾಲ್ಕೈದು ಮಿ.ಮೀ. ಅಲುಗಿದರೆ ಅದೇ 12, 4, 0 ಆಗುತ್ತೆ. ಶುರುವಿನಲ್ಲಿ ಸೆನ್ಸರ್ ಒಳಗಿನ ಮಾಹಿತಿ ಓದುವಾಗಲೂ ಇದೇ ಕಲಬೆರಕೆ, ಅದಕ್ಕೇ ಇನಿಷಿಯಲೈಸ್ ಕೈಕೊಡೋದು.

ಮುಂದಿನದನ್ನು ಕಿತ್ತು ಚಾನೆಲ್ 2ಕ್ಕೆ ಹಾಕಿ. ಕೋಡ್‌ನಲ್ಲಿ 70ಕ್ಕೆ ಕಳಿಸುವ ಬೈಟ್: ಚಾನೆಲ್ 0ಕ್ಕೆ 1, 1ಕ್ಕೆ 2, 2ಕ್ಕೆ 4. 3 ಕಳಿಸಿದರೆ 0, 1 ಎರಡೂ ತೆರೆದು ಮತ್ತೆ ಇದೇ ಗೋಳು. ಸೆಟಪ್‌ನ ಮೊದಲ ಸಾಲಿನಲ್ಲೇ 0 ಕಳಿಸಿ. ಇಎಸ್‌ಪಿ ರೀಸೆಟ್ ಆದರೂ ಮಕ್ಸ್ ಹಳೇ ಚಾನೆಲ್ ತೆರೆದುಕೊಂಡೇ ಇರುತ್ತೆ.

ತಾಮ್ರತಂತಿ:
ಮೇಲಿನ ಉತ್ತರ ಸರಿ. ಆದರೆ ಆ 5 ವೋಲ್ಟ್ ಇವತ್ತೇ ತೆಗೀರಿ. ಮಕ್ಸ್ ಬೋರ್ಡಿನ ಪುಲ್‌ಅಪ್ (ತಂತಿಯನ್ನು ಮೇಲಕ್ಕೆ ಹಿಡಿಯೋ ರೆಸಿಸ್ಟರ್) ವಿಐಎನ್‌ಗೆ (ವಿದ್ಯುತ್ ಒಳಬರೋ ಪಿನ್) ಸೇರಿದ್ದರೆ ಎಸ್‌ಡಿಎ (ಐ2ಸಿಯ ಡೇಟಾ ತಂತಿ) ಕೂಡ 5ಕ್ಕೇರುತ್ತೆ, ಇಎಸ್‌ಪಿ32ರ ಪಿನ್ 3.3ಕ್ಕೆ ಮಾತ್ರ ಮಾಡಿದ್ದು. ಮಕ್ಸ್‌ಗೂ ಸೆನ್ಸರ್‌ಗಳಿಗೂ 3.3 ಕೊಟ್ಟು, ಮಾತುಕತೆ ಇಲ್ಲದಾಗ ಎಸ್‌ಡಿಎ, ಎಸ್‌ಸಿಎಲ್ (ಕ್ಲಾಕ್ ತಂತಿ) ಎರಡನ್ನೂ ಮಲ್ಟಿಮೀಟರಲ್ಲಿ ನೋಡಿ. 3.3ರ ಹತ್ತಿರ ಇರಬೇಕು.

ನಿಂತುಹೋಗೋದು ಬೇರೆ ರೋಗ. ಮೋಟರ್ ಗದ್ದಲಕ್ಕೆ ಒಂದು ಕ್ಲಾಕ್ ತಪ್ಪಿದರೆ ಸೆನ್ಸರ್ ಬೈಟ್ ಮಧ್ಯದಲ್ಲೇ ಎಸ್‌ಡಿಎ ಕೆಳಗೆ ಹಿಡಿದು ಕೂತುಬಿಡುತ್ತೆ. ನಿಂತಾಗ ಅಳೆದು ನೋಡಿ, ಎಸ್‌ಡಿಎ 0 ಇದ್ದರೆ ಇದೇ. ಮಕ್ಸ್‌ನ ರೀಸೆಟ್ ಪಿನ್ ಇಎಸ್‌ಪಿಯ ಒಂದು ಜಿಪಿಐಒ ಪಿನ್‌ಗೆ ಹಾಕಿ 1 ಮಿಲಿಸೆಕೆಂಡ್ ಕೆಳಗೆಳೆದರೆ ಚಾನೆಲ್‌ಗಳೆಲ್ಲ ಕಳಚಿಕೊಳ್ಳುತ್ತವೆ, ಆದರೆ ಆಚೆ ಕಡೆ ಸೆನ್ಸರ್ ಹಟ ಬಿಟ್ಟಿರಲ್ಲ. ಅದಕ್ಕೆ ಸೆನ್ಸರ್‌ಗಳ ಎಕ್ಸ್‌ಶಟ್ (ಸೆನ್ಸರ್ ಆರಿಸೋ) ಪಿನ್‌ಗಳನ್ನೂ ಕೆಳಗೆಳೆದು ಬಿಡಿ. ಬಿಡುವಾಗ ಹೈ ಕೊಡಬೇಡಿ, ಪಿನ್ ಇನ್‌ಪುಟ್ ಮಾಡಿ. ಕೆಲವು ಬೋರ್ಡ್‌ಗಳಲ್ಲಿ ಆ ಪಿನ್ 2.8 ವೋಲ್ಟ್‌ನದು. ಆಮೇಲೆ ಮೂರನ್ನೂ ಮತ್ತೆ ಇನಿಷಿಯಲೈಸ್ ಮಾಡಬೇಕು.

ಇದು ಚಿಕಿತ್ಸೆ ಮಾತ್ರ. ಗದ್ದಲ ಇಳಿಸೋಕೆ ಪ್ರತಿ ಮೋಟರ್‌ನ ಎರಡು ಕಾಲಿನ ನಡುವೆ 104 ಸೆರಾಮಿಕ್ ಕೆಪಾಸಿಟರ್, ಐ2ಸಿ ವೇಗ 100 ಕಿಲೋಹರ್ಟ್ಸ್, ಸೆನ್ಸರ್ ತಂತಿ ಮೋಟರ್ ತಂತಿಯಿಂದ ದೂರ. ಮೋಟರ್ ಡ್ರೈವರ್‌ನ 5 ವೋಲ್ಟ್‌ನಿಂದ ಇಎಸ್‌ಪಿ ನಡೆಸುತ್ತಿದ್ದರೆ ಬೇರೆ ಬಕ್ ಕನ್ವರ್ಟರ್ (ವೋಲ್ಟ್ ಇಳಿಸೋ ಬೋರ್ಡ್) ಹಾಕಿ, ಗ್ರೌಂಡ್ ಮಾತ್ರ ಒಂದೇ ಇರಲಿ.

ಗೋಡೆಗಣ್ಣು:
ಚಾನೆಲ್ 2ಕ್ಕೆ ಹಾಕಿದೆ, ಎಡ 299, ಮುಂದೆ 201. ಎಸ್‌ಡಿಎ 4.6 ಇತ್ತು, ಈಗ 3.28. ಹೌದು, 5 ವೋಲ್ಟ್ ಡ್ರೈವರ್‌ನಿಂದಲೇ ಬರ್ತಿತ್ತು. 104 ಮತ್ತು ಬಕ್ ನಾಳೆ ತರ್ತೀನಿ.