ಅಪ್‌ಡೇಟ್: ಲಿಲಿಪಾಂಡ್‌ನಲ್ಲಿ ಕೀರ್ತನೆಯ ಸ್ವರಗಳ ನಡುವಿನ ಅಂತರ

ಬಳ್ಳಾರಿಯ ನಮ್ಮ ಚರ್ಚಿನ ಗಾಯನವೃಂದಕ್ಕಾಗಿ ಗ್ರೆಗೋರಿಯನ್ (ಹಳೆಯ ಲ್ಯಾಟಿನ್ ಚರ್ಚ್ ಗಾಯನದ) ಧಾಟಿಯ ಕೀರ್ತನೆಯೊಂದನ್ನು ಕನ್ನಡ ಸಾಹಿತ್ಯದೊಂದಿಗೆ, ಸ್ವರಲಿಪಿ ಮುದ್ರಿಸುವ ತಂತ್ರಾಂಶವಾದ ಲಿಲಿಪಾಂಡ್‌ನಲ್ಲಿ ಜೋಡಿಸುವಾಗ, ಕೆಲವು ಸ್ವರಗಳು ದೂರ ಸರಿದು ಉಳಿದವು ಒತ್ತೊತ್ತಾಗಿ ನಿಲ್ಲುತ್ತಿರುವುದೇಕೆಂದು ಕೇಳಿದ್ದೆ. ತೊಂದರೆ ಈಗ ಬಹುಮಟ್ಟಿಗೆ ಬಗೆಹರಿದಿದೆ.

ಅಂತರವನ್ನು ಕೆಡಿಸುತ್ತಿದ್ದುದು ಸ್ವರಗಳ ಕೆಳಗಿನ ಸಾಹಿತ್ಯ. ಒಂದೇ ಸ್ವರದಲ್ಲಿ ಪಠಿಸಬೇಕಾದ "ಪ್ರಭುವಿನ ನಾಮವನ್ನು" ಎಂಬಂಥ ಉದ್ದನೆಯ ಪದಗುಚ್ಛವನ್ನು ತಂತ್ರಾಂಶವು ಸ್ವರದ ಮಧ್ಯಕ್ಕೆ ಸರಿಯಾಗಿ ಕೂರಿಸುವುದರಿಂದ, ಅದರ ಅಗಲವು ಎರಡೂ ಬದಿಯ ಸ್ವರಗಳನ್ನು ತಳ್ಳುತ್ತಿತ್ತು. ಅಲ್ಲಿ ಮಾತ್ರ ಸಾಹಿತ್ಯದ ಅಕ್ಷರಗಳನ್ನು ನಿಯಂತ್ರಿಸುವ ಲಿರಿಕ್‌ಟೆಕ್ಸ್ಟ್‌ನ ಸೆಲ್ಫ್-ಅಲೈನ್‌ಮೆಂಟ್-ಎಕ್ಸ್ (ಅಡ್ಡ ಜೋಡಣೆ) ಎಂಬುದಕ್ಕೆ ಲೆಫ್ಟ್ (ಎಡ) ಎಂದು ಕೊಟ್ಟೊಡನೆ ಎಡಗಡೆಯ ಖಾಲಿ ಜಾಗ ಮುಚ್ಚಿಕೊಂಡಿತು. ಸಾಲನ್ನು ಪುಟದ ಅಂಚಿನವರೆಗೆ ಹಿಗ್ಗಿಸುವುದರಿಂದ ಉಳಿದಿದ್ದ ಸಡಿಲಿಕೆಯು, ಲೇಔಟ್‌ ಎಂಬ ಪುಟವಿನ್ಯಾಸದ ಭಾಗದಲ್ಲಿ ಹಾಗೆ ಹಿಗ್ಗಿಸುವುದನ್ನು ತಡೆಯುವ ರ‍್ಯಾಗ್ಡ್-ರೈಟ್ ಅನ್ನು ಟ್ರೂ ಮಾಡಿದ ಮೇಲೆ ಹೋಯಿತು.

ಸ್ವರಗಳ ಅಂತರವನ್ನು ನಿಯಂತ್ರಿಸುವ ಸ್ಪೇಸಿಂಗ್‌ಸ್ಪ್ಯಾನರ್‌ನ ಪ್ಯಾಕ್ಡ್-ಸ್ಪೇಸಿಂಗ್ (ಒತ್ತಾಗಿ ಜೋಡಿಸುವ ಆಯ್ಕೆ) ಬಳಸಿರೆಂಬ ಸಲಹೆಯನ್ನೂ ಪರೀಕ್ಷಿಸಿದೆ. ಆದರೆ ಅದು ಸ್ವರಗಳನ್ನು ಅವಲಕ್ಕಿ ಚೀಲದಂತೆ ತುರುಕುವುದರಿಂದ ಹಾಡುವವರ ಕಣ್ಣಿಗೆ ಕಷ್ಟ ಎಂಬುದು ನನ್ನ ಅಭಿಪ್ರಾಯ.

ತಾಳದ ಲೆಕ್ಕವಿಲ್ಲದೆ ಬರೆಯಲು ಬಳಸುವ ಕಡೆಂಜಾ ಆನ್ ಆದೇಶ ಕೊಟ್ಟಲ್ಲಿ ತಾಳದ ಗೆರೆಗಳಿಲ್ಲದ ಕಾರಣ ಸಾಲು ತಾನಾಗಿ ಮುರಿಯದೆ ಪುಟದಾಚೆ ಹೋಗುತ್ತದೆ. ಆದ್ದರಿಂದ ಪ್ರತಿ ಪದಗುಚ್ಛದ ಕೊನೆಗೆ ಕಾಣದ ಗೆರೆಯೊಂದನ್ನು, ಅಂದರೆ ಬಾರ್ ಆದೇಶದ ಮುಂದೆ ಖಾಲಿ ಉದ್ಧರಣ ಚಿಹ್ನೆಗಳನ್ನು, ಇಡಬೇಕು. ಸಾಹಿತ್ಯದಲ್ಲಿ "ಸ್ತೋತ್ರ" ಎಂಬ ಪದವನ್ನು ಸ್ವರಗಳಿಗೆ ತಕ್ಕಂತೆ ಬಿಡಿಸಿ ಬರೆಯುವಾಗ ಒತ್ತಕ್ಷರ ಒಡೆಯದಂತೆ "ಸ್ತೋ", "ತ್ರ" ಎಂದೇ ಬರೆಯಿರಿ.