ಪದಚರ್ಚೆ: ಕ್ವಾರ್ಟರ್‌ಬ್ಯಾಕ್‌ನನ್ನು ‘ಓದುವುದು’

ಮಾನ್ಯರೇ,

ಅಮೆರಿಕನ್ ಫುಟ್‌ಬಾಲ್ ಕುರಿತ ಸಾಕ್ಷ್ಯಚಿತ್ರದ ಅಡಿಬರಹಕ್ಕೆ, ಇಂಗ್ಲಿಷಿನ ‘read the quarterback’ ಎಂಬುದಕ್ಕೆ ನಾಳೆಯೊಳಗೆ ಕನ್ನಡ ಪದ ಬೇಕೆಂದಿದ್ದೀರಿ. ಕ್ವಾರ್ಟರ್‌ಬ್ಯಾಕ್ ಎಂದರೆ ದಾಳಿಯನ್ನು ನಡೆಸುತ್ತ ಚೆಂಡೆಸೆಯುವ ಆಟಗಾರ; ಅವನ ಚಲನೆಯನ್ನು ನೋಡಿ ಮುಂದೇನು ಮಾಡುವನೆಂದು ಎದುರಾಳಿ ಊಹಿಸುವುದೇ ಈ ‘ಓದು’. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ‘ಕ್ವಾರ್ಟರ್‌ಬ್ಯಾಕ್‌ನ ಇಂಗಿತವನ್ನು ಅರಿತು’ ಎಂದು ಬರೆಯಿರಿ. ‘ಕ್ವಾರ್ಟರ್‌ಬ್ಯಾಕ್‌ನನ್ನು ಓದಿ’ ಎಂಬುದು ಕನ್ನಡವಲ್ಲ.

ರಕ್ಷಣೆಯ ಕೊನೆಯ ಸಾಲಿನಲ್ಲಿ ನಿಲ್ಲುವ ಸೇಫ್ಟಿ ಆಟಗಾರನು ಗಮನಿಸುವುದು, ಕ್ವಾರ್ಟರ್‌ಬ್ಯಾಕ್ ಹಿಂದಕ್ಕೆ ಸರಿದದ್ದು ಮೂರು ಹೆಜ್ಜೆಯೋ ಐದೋ ಏಳೋ, ಅವನ ಕಣ್ಣು ಎತ್ತ ನೆಟ್ಟಿದೆ, ಭುಜ ಎತ್ತ ತಿರುಗಿತು, ಎಸೆಯದ ಕೈ ಚೆಂಡನ್ನು ಯಾವಾಗ ಬಿಟ್ಟಿತು ಎಂಬುದನ್ನು. ಸಂಸ್ಕೃತದ ‘ಇಂಗ್’ ಧಾತುವಿಗೆ ಅಲುಗು, ಚಲಿಸು ಎಂದೇ ಅರ್ಥ. ಮನಸ್ಸಿನಲ್ಲಿರುವುದನ್ನು ಬಿಟ್ಟುಕೊಡುವ ಮೈಯ ಚಲನೆಯೇ ಇಂಗಿತ. ಪತ್ರಿಕೆಗಳು ‘ಸ್ಪರ್ಧಿಸುವ ಇಂಗಿತ ವ್ಯಕ್ತಪಡಿಸಿದರು’ ಎಂದು ಬರೆದು ಬರೆದು ಈ ಪದವನ್ನು ಬರಿಯ ಇಚ್ಛೆಯ ಮಟ್ಟಕ್ಕೆ ಇಳಿಸಿರುವುದು ನನಗೆ ನೋವಿನ ಸಂಗತಿ. ಬಾಯಿಬಿಟ್ಟು ಹೇಳಿದ ಮೇಲೆ ಅದು ಇಂಗಿತ ಹೇಗಾದೀತು? ಪಳಗಿದ ಕ್ವಾರ್ಟರ್‌ಬ್ಯಾಕ್ ಬೇಕೆಂದೇ ಬಲಕ್ಕೆ ನೋಡುತ್ತ ಸೇಫ್ಟಿಯನ್ನು ಅತ್ತ ಸೆಳೆದು ಎಡಕ್ಕೆ ಎಸೆಯುವುದುಂಟು; ಅದಕ್ಕೆ ‘ಹುಸಿನೋಟ’ ಎನ್ನಬಹುದು. ಕೈ ಬೀಸಿಯೂ ಚೆಂಡು ಬಿಡದಿರುವುದು ‘ಹುಸಿ ಎಸೆತ’.

ಮಾಲ್ಕಮ್ ಬಟ್ಲರ್ ಕುರಿತು ನೀವು ಕಳುಹಿಸಿದ ಎರಡನೆಯ ವಾಕ್ಯಕ್ಕೆ ಮಾತ್ರ ‘ಇಂಗಿತ’ ಹೊಂದುವುದಿಲ್ಲ. 2015ರ ಫೆಬ್ರವರಿ 1ರ ಸೂಪರ್ ಬೌಲ್ ಅಂತಿಮ ಪಂದ್ಯದ ಕೊನೆಯ ಅರ್ಧ ನಿಮಿಷದಲ್ಲಿ, ಗೆಲುವಿನ ಗೆರೆ ಇನ್ನು 1 ಗಜವಷ್ಟೇ ಇದ್ದಾಗ, ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಎಸೆದ ಚೆಂಡನ್ನು ಎದುರು ತಂಡದ ರಕ್ಷಣಾ ಆಟಗಾರ ಬಟ್ಲರ್ ನಡುವೆಯೇ ಕಸಿದುಕೊಂಡದ್ದು ಮುಖ್ಯವಾಗಿ ಕಣ್ಣೋಟವನ್ನು ಅನುಸರಿಸಿ ಅಲ್ಲ. ಇಬ್ಬರು ಎದುರಾಳಿಗಳು ಒಬ್ಬರ ಹಿಂದೊಬ್ಬರು ನಿಂತ ರೀತಿಯನ್ನು ಬಟ್ಲರ್ ಅಭ್ಯಾಸದಲ್ಲೇ ಕಂಡಿದ್ದರು. ಅಲ್ಲಿ ‘ವ್ಯೂಹವನ್ನು ಗುರುತು ಹಿಡಿದು’ ಎಂದಾಗಬೇಕು. ಇಂಗ್ಲಿಷ್ ಎರಡಕ್ಕೂ ‘read’ ಎಂಬ ಒಂದೇ ಕ್ರಿಯಾಪದವನ್ನು ಬಳಸುತ್ತದೆಂದು ನಾವೂ ಹಾಗೆ ಮಾಡಬೇಕಾಗಿಲ್ಲ. ನಮ್ಮ ಕ್ರಿಕೆಟ್ ವರದಿಗಾರರು ‘ಚೆಂಡಿನ ತಿರುವನ್ನು ಗ್ರಹಿಸುವಲ್ಲಿ ಎಡವಿದರು’ ಎಂದು ಬರೆಯುವಾಗ ಈ ವಿವೇಕವನ್ನು ತೋರಿದ್ದಾರೆ.

‘ಓದು’ ಪದದ ಪರವಾಗಿ ಕವಿರಾಜಮಾರ್ಗದ ‘ಕುರಿತೋದದೆಯುಂ’ ಎಂಬುದನ್ನು ಮುಂದಿಟ್ಟವರಿಗೆ ಒಂದು ಮಾತು: ಅಲ್ಲಿರುವುದು ವ್ಯಾಸಂಗ, ಎದುರಾಳಿಯ ಭುಜವಲ್ಲ. ‘ಇಂಗಿತ’ ಸಂಸ್ಕೃತವಾದ್ದರಿಂದ ‘ಬಗೆಯರಿತು’ ಎನ್ನಬೇಕೆಂಬ ಸಲಹೆಯನ್ನೂ ಒಪ್ಪಲಾರೆ. ಹಳಗನ್ನಡದಲ್ಲಿ ‘ಬಗೆ’ ಎಂದರೆ ಮನಸ್ಸೆಂಬುದು ನಿಜ. ಆದರೆ ಎರಡು ಕ್ಷಣ ಪರದೆಯ ಮೇಲಿರುವ ಸಾಲಿನಲ್ಲಿ ಇಂದಿನ ನೋಡುಗನು ಅದನ್ನು ‘ವಿಧ’ ಎಂದೇ ತಿಳಿಯುತ್ತಾನೆ.

‘ಕ್ವಾರ್ಟರ್‌ಬ್ಯಾಕ್’ ಹಾಗೆಯೇ ಇರಲಿ. ಚಿನ್ನಿದಾಂಡು ಆಡಿದ ನಾಡಿಗೆ ದಾಂಡು ಗೊತ್ತಿದ್ದುದರಿಂದ ‘ದಾಂಡಿಗ’ ಎಂಬ ಪದ ನಿಂತಿತು. ಈ ಆಟಕ್ಕೆ ನಮ್ಮಲ್ಲಿ ಅಂಥ ಆಸರೆಯಿಲ್ಲ. ‘ದಾಳಿನಾಯಕ’ ಎಂದರೆ ತಂಡದ ನಾಯಕನೆಂಬ ತಪ್ಪು ತಿಳಿವಳಿಕೆಗೆ ಎಡೆಯಾಗುತ್ತದೆ.