ಅಪ್‌ಡೇಟ್: ಸಂಜೆ ಮಾತ್ರ ಮುನಿಸಿಕೊಳ್ಳುವ ಟಿವಿ ರಿಮೋಟ್

ಹೋದ ವಾರ ಕೇಳಿದ್ದೆನಲ್ಲ, ದಿನಾ ಸಂಜೆ 4:30ರಿಂದ 6ರ ತನಕ ನಮ್ಮ ಟಿವಿ ರಿಮೋಟ್ ಕೆಲಸ ಮಾಡುವುದಿಲ್ಲ, ಆಮೇಲೆ ತಾನಾಗಿಯೇ ಸರಿಹೋಗುತ್ತದೆ, ಏನು ಕಾರಣ ಅಂತ. ಸಿಕ್ಕಿತು!

ಮೊದಲು ನೀವು ಹೇಳಿದ ಹಾಗೆ ಹೊಸ ಸೆಲ್ ಹಾಕಿದೆ. ಏನೂ ಆಗಲಿಲ್ಲ. ಆಮೇಲೆ ಒಬ್ಬರು ಹೇಳಿದ್ದ ಫೋನ್ ಉಪಾಯ. ರಿಮೋಟಿನ ಮೂತಿಯನ್ನು ಸೆಲ್ಫಿ ಕ್ಯಾಮೆರಾ ಮುಂದೆ ಹಿಡಿದು ಬಟನ್ ಒತ್ತಿದೆ, ಬರಿಗಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಸ್ಕ್ರೀನ್ ಮೇಲೆ ನೇರಳೆ ಬಣ್ಣದಲ್ಲಿ ಮಿಣಮಿಣ ಅಂದಿತು. (ಹಿಂದಿನ ಕ್ಯಾಮೆರಾದಲ್ಲಿ ಕಾಣಲಿಲ್ಲ, ಅದರಲ್ಲಿ ಸಾಮಾನ್ಯವಾಗಿ ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಇರುತ್ತದೆ.) ಅಂದರೆ ರಿಮೋಟಿನ ತಪ್ಪಿಲ್ಲ, ಪಾಪ.

ತಪ್ಪು ಪಶ್ಚಿಮದ ಕಿಟಕಿಯದು. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಧಾರಾಳವಾಗಿರುತ್ತದೆ, ಅದು ನೇರವಾಗಿ ಟಿವಿಯ ಆ ಪುಟ್ಟ ಸೆನ್ಸರ್ ಮೇಲೆ ಬಿದ್ದರೆ, ರಿಮೋಟ್ ಸೆಕೆಂಡಿಗೆ ಸುಮಾರು 38,000 ಸಲದ ವೇಗದಲ್ಲಿ ಮಿನುಗಿ ಹೇಳುವ ಮಾತು ಅದಕ್ಕೆ ಕೇಳಿಸುವುದೇ ಇಲ್ಲ, ಜಾತ್ರೆಯಲ್ಲಿ ಪಿಸುಗುಟ್ಟಿದ ಹಾಗೆ. ಪರದೆ ಎಳೆದೆ, ತಕ್ಷಣ ಚಾನೆಲ್ ಬದಲಾಯಿತು.

ಅತ್ತೆ ಮಾತ್ರ ಒಪ್ಪಿಲ್ಲ. ರಿಮೋಟನ್ನು ತೊಡೆಗೆ ಎರಡು ಸಲ ಬಡಿದಿದ್ದರಿಂದಲೇ ಸರಿಹೋಯಿತು ಅಂತಾರೆ. ಈಗಲೂ ಬಡಿಯುತ್ತಾರೆ, ಸುಮ್ನೆ.